ಅಪ್ಪನ ಪೀಪಾಯಿಗೆ ಐವತ್ತು ತುಂಬಿದಾಗ

ಹಳ್ಳದ ಮನೆ, ಪೋರ್ಟ್ ಕ್ರಾನಿಗ್, ಐಲಾ ದ್ವೀಪ
4 ಫೆಬ್ರವರಿ 2023

ಪ್ರೀತಿಯ ಲಾಕಿ,

ಮೊದಲು ಕೂತುಕೋ. ಇದು ನಿಂತು ಓದುವ ಪತ್ರವಲ್ಲ. ಫೋನ್ ಮಾಡಬಹುದಿತ್ತು, ಆದರೆ ನನ್ನ ಕಿವಿಯ ಯಂತ್ರ ಫೋನಿಗೆ ತಾಗಿದರೆ ಸಿಳ್ಳೆ ಹಾಕುತ್ತದೆ. ನೀನೋ ನ್ಯೂಜಿಲೆಂಡಿನಿಂದ ಕುರಿಗೆ ಕೂಗಿದ ಹಾಗೆ ಕೂಗುತ್ತೀ.

ಅಪ್ಪನ ಪೀಪಾಯಿ ನೆನಪಿದೆಯಾ? ಎಪ್ಪತ್ನಾಲ್ಕರ ಮಾರ್ಚಿನಲ್ಲಿ ವಿಸ್ಕಿ ಭಟ್ಟಿಯ ಮಾಲೀಕರ ಹತ್ತಿರ ಬೋನಸ್ಸಿಗೆ ಕಾಸಿಲ್ಲದೆ, ಕೆಲಸಗಾರರಿಗೆಲ್ಲ ಒಂದೊಂದು ಪೀಪಾಯಿ ಹೊಸ ವಿಸ್ಕಿ ಬರೆದುಕೊಟ್ಟರಲ್ಲ, ಅದು. ಉಳಿದವರು ಒಲೆಗೆ, ಮೋಟರ್ ಬೈಕಿಗೆ ಬದಲಾಯಿಸಿಕೊಂಡರು. ಅಪ್ಪ ಹಟಕ್ಕೆ ಗೋದಾಮಿನಲ್ಲೇ ಬಿಟ್ಟ. ಹೊಸ ಒಲೆಗೆ ಕಾದಿದ್ದ ಅಮ್ಮ ಒಂದು ವಾರ ಅವನನ್ನು ಮಾತಾಡಿಸಲಿಲ್ಲ. ಅದೀಗ ನಮ್ಮಿಬ್ಬರ ಹೆಸರಲ್ಲಿದೆ; ಮಾರಬೇಕಾದರೆ ಇಬ್ಬರ ರುಜು ಬೇಕು.

ನಿನ್ನೆ ಒಬ್ಬ ದಲ್ಲಾಳಿ ಹುಡುಗಿ ಬಂದಿದ್ದಳು. ಗ್ಲಾಸಿನ ವ್ಯವಹಾರ ನೋಡು, ಗ್ಲಾಸ್ಗೋದವಳೇ ಬರಬೇಕು.

"ಮೂರು ಲಕ್ಷ ಇಪ್ಪತ್ತು ಸಾವಿರ, ಅಮ್ಮಾ," ಅಂದಳು.

"ಏನದು, ಹನಿಗಳಾ?"

"ಪೌಂಡು."

ನಾನು ಸಕ್ಕರೆ ಬಟ್ಟಲಿಗೆ ಚಹಾ ಹುಯ್ದೆ. ಅಪ್ಪ ನಲವತ್ತು ವರ್ಷ ಮರದ ಸಲಿಕೆ ಹಿಡಿದು ಬಾರ್ಲಿ ಮಗುಚಿ, ಬೆನ್ನು ಮಗುಚಿಕೊಂಡು ಸತ್ತ. ಅವನ ಇಡೀ ಜೀವಮಾನದ ಕೂಲಿ ಕೂಡಿದರೂ ಇದರ ಕಾಲಿಗೂ ಬರುವುದಿಲ್ಲ. ವಯಸ್ಸಾದಷ್ಟೂ ಬೆಲೆ ಏರುವುದು ಪೀಪಾಯಿಗೆ ಮಾತ್ರ ಕಣೋ, ನಮ್ಮಂಥ ಪಾಪಿಗಳಿಗಲ್ಲ.

ಈಗಲೇ ಮಾರಿಬಿಡೋಣ ಅನ್ನಿಸುತ್ತದೆ. ಅಂಥ ಕಾರಣ ಏನೂ ಇಲ್ಲ. ಮನೆ ಮಾಲೀಕ ತೀರಿಕೊಂಡ. ಮಗ ಈ ಮನೆ ಮಾರುತ್ತಾನಂತೆ. ಬಾಡಿಗೆಗೆ ನಲವತ್ತೊಂದು ವರ್ಷ ಇದ್ದವಳು ಅಂತ ಮೊದಲು ನನ್ನನ್ನೇ ಕೇಳಿದ್ದಾನೆ. ಒಂದು ಲಕ್ಷ ಅರವತ್ತು ಸಾವಿರವಂತೆ. ಮುಂದಿನ ವರ್ಷದ ಮೇವರೆಗೂ ಗಡುವು ಕೊಟ್ಟಿದ್ದಾನೆ. ಪೀಪಾಯಿಯಲ್ಲಿ ನನ್ನ ಅರ್ಧ ಎಷ್ಟಾಗುತ್ತೆ ಅಂತ ನಾನೇನೂ ಲೆಕ್ಕ ಹಾಕಿಲ್ಲ.

ಪಕ್ಕದ ಮನೆ ಪೆಗಿ ಮಾತು ಬಿಟ್ಟು ಇದು ಆರನೇ ವರ್ಷ. ಅವಳ ಜಾಮ್ ಗಟ್ಟಿಯಾಗಿಲ್ಲ ಅಂದದ್ದಕ್ಕೆ ಅವಳ ಮನಸ್ಸು ಗಟ್ಟಿಯಾಯಿತು.

ಅಕ್ಕ,
ಡೊಲೀನಾ


ಇನ್ವರ್‌ಕಾರ್ಗಿಲ್, ನ್ಯೂಜಿಲೆಂಡ್
27 ಫೆಬ್ರವರಿ 2023

ಅಕ್ಕಾ,

ಕೂತೇ ಓದಿದೆ. ಪ್ರಯೋಜನವಾಗಲಿಲ್ಲ, ಕುರ್ಚಿ ಸಮೇತ ಬಿದ್ದೆ.

ಮೂರು ಲಕ್ಷ! ಮೂವತ್ತೆಂಟು ವರ್ಷ ಕುರಿ ಉಣ್ಣೆ ಕತ್ತರಿಸಿದ್ದೇನೆ. ನಾನು ಬೋಳಿಸಿದ ಕುರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೂ ಅಷ್ಟಾಗುವುದಿಲ್ಲ. ಇಷ್ಟು ದಿನ ಬೋಳಿಸಿಕೊಂಡವನು ನಾನೇ ಅಂತ ಈಗ ಗೊತ್ತಾಯಿತು.

ಬಾರಿನಲ್ಲಿ ನನ್ನ ಗೆಳೆಯ ರಾವಿರಿಗೆ ಹೇಳಿದೆ. ಅವನಿಗೆ ಇದೆಲ್ಲ ಗೊತ್ತು. "ಲೇ ದಡ್ಡ, ನಲವತ್ತೊಂಬತ್ತಕ್ಕೆ ಯಾರಾದ್ರೂ ಮಾರ್ತಾರೇನೋ? ಐವತ್ತು ಅಂತ ಚೀಟಿ ಅಂಟಿಸಿದ ದಿನ ಬೆಲೆ ಡಬಲ್!" ಅಂದ. ಒಳಗಿರುವ ಸರಕು ಅದೇ. ಒಂದೇ ಒಂದು ಅಂಕಿಗೆ ಇನ್ನೂ ಮೂರು ಲಕ್ಷ. ಇನ್ನೊಂದು ವರ್ಷ ತಾನೇ ಅಕ್ಕಾ? ನಲವತ್ತೊಂಬತ್ತು ವರ್ಷ ಕಾದವರಿಗೆ ಅದೇನು ದೊಡ್ಡದು? ನಾನಂತೂ ಈಗ ರುಜು ಹಾಕುವುದಿಲ್ಲ.

ಮನೆ ಮಾರುತ್ತಾನೆ ಅಂದೆಯಲ್ಲ, ಒಳ್ಳೆಯದೇ ಆಯಿತು. ಹೊಸ ಮಾಲೀಕನಾದರೂ ಆ ಸೋರುವ ಸೂರು ಸರಿಮಾಡಿಸುತ್ತಾನೆ.

ತಮ್ಮ,
ಲಾಕಿ


ಹಳ್ಳದ ಮನೆ, ಪೋರ್ಟ್ ಕ್ರಾನಿಗ್
20 ಮಾರ್ಚ್ 2023

ಲಾಕಿ,

ರಾವಿರಿಯವರ ಪಾಂಡಿತ್ಯಕ್ಕೆ ನನ್ನ ನಮಸ್ಕಾರ ತಿಳಿಸು. ಆಮೇಲೆ ಇದನ್ನೂ ಓದಿ ಹೇಳು.

ಗೋದಾಮಿನ ಟಾರ್ಮಡ್ ಮೊನ್ನೆ ಪೀಪಾಯಿಯಿಂದ ಒಂದಿಷ್ಟು ತೆಗೆದು ಅಳೆದ. ನಮ್ಮ ಗೋದಾಮು ಗೊತ್ತಲ್ಲ: ಮಣ್ಣಿನ ನೆಲ, ಒದ್ದೆ ಗೋಡೆ, ಆಚೆ ಸಮುದ್ರ. ಇಂಥ ತೇವದಲ್ಲಿ ಸರಕು ಅಷ್ಟಾಗಿ ಇಂಗುವುದಿಲ್ಲ, ಅದರ ಕಸುವು ಇಳಿಯುತ್ತದೆ. ತುಂಬಿದಾಗ ನೂರಕ್ಕೆ ಅರವತ್ತಮೂರು ಪಾಲು ಇದ್ದ ಮದ್ಯಸಾರ ಈಗ ನಲವತ್ತು ಪಾಯಿಂಟ್ ನಾಲ್ಕು.

"ನಲವತ್ತರ ಕೆಳಗೆ ಇಳೀತು ಅಂದ್ರೆ ಡೊಲೀನಾ, ಕಾನೂನಿನ ಪ್ರಕಾರ ಅದು ವಿಸ್ಕಿನೇ ಅಲ್ಲ," ಅಂದ.

"ಮತ್ತೇನು?"

"ಏನೂ ಅಲ್ಲ. ಹಳೇ ಮರ ನೆನೆಸಿದ ನೀರು."

"ವರ್ಷಕ್ಕೆ ಎಷ್ಟು ಇಳಿಯುತ್ತೆ?"

"ಪಾಯಿಂಟ್ ಮೂರು ಇರಬಹುದು. ಬೇಸಗೆ ಜೋರಾದ್ರೆ ದೇವರೇ ಗತಿ."

ಕೊಳ್ಳುವವನೂ ಬಂದಿದ್ದ. ಸ್ವಿಟ್ಜರ್ಲೆಂಡಿನ ಸುಂಬ್ರುನ್ ಅಂತ. ಹೆಸರಿಗೆ ತಕ್ಕಂತೆ ಸುಮ್ಮನೆ ಕೂರುವ ಮನುಷ್ಯ. ಟಾರ್ಮಡ್ ಒಂದು ಗುಟುಕು ಕೊಡಲು ಹೋದರೆ ಕೈ ಅಡ್ಡ ಹಿಡಿದ.

"ನಾನು ಕುಡಿಯೋದಿಲ್ಲ. ಹೊಟ್ಟೆಗೆ ಆಗಲ್ಲ."

"ಮತ್ತೆ ತಗೊಂಡು ಏನ್ಮಾಡ್ತೀರಿ ಸ್ವಾಮಿ?"

"ಇಟ್ಕೊಳ್ತೀನಿ."

ಮನೆಯಲ್ಲಿ ನಾಲ್ಕು ಸಾವಿರ ಬಾಟಲಿ ಇದೆಯಂತೆ, ಒಂದರ ಮುಚ್ಚಳವನ್ನೂ ತೆಗೆದಿಲ್ಲವಂತೆ! ಟಾರ್ಮಡ್ ಬಾಯಿ ತೆರೆದವನು ಮುಚ್ಚಲಿಲ್ಲ. ಆಮೇಲೆ ಆತ ನನ್ನ ಅಡುಗೆಮನೆಯಲ್ಲಿ ಹಾಲು ಹಾಕಿದ ಚಹಾ ಕುಡಿದು, ಕಿಟಕಿಯಾಚೆ ಕೊಲ್ಲಿಯನ್ನು ಬಹಳ ಹೊತ್ತು ನೋಡಿದ. ನನಗೇಕೋ ಅಯ್ಯೋ ಅನ್ನಿಸಿ ಇನ್ನೊಂದು ಬಿಸ್ಕತ್ತು ಕೊಟ್ಟೆ.

ಈಗಲೂ ರುಜು ಹಾಕಬಹುದು ನೋಡು. ನನಗಾಗಿ ಅಲ್ಲ. ಮನೆ ಹೋದರೂ ನನಗೆ ಜಾಗಕ್ಕೇನು ಬರವಿಲ್ಲ. ಪೆಗಿ ತನ್ನ ಜೊತೆ ಬಂದಿರು ಅಂತ ದಿನಾ ಗೋಗರೆಯುತ್ತಾಳೆ.

ಅಕ್ಕ


ಇನ್ವರ್‌ಕಾರ್ಗಿಲ್
11 ಏಪ್ರಿಲ್ 2023

ಅಕ್ಕಾ,

ಪಾಯಿಂಟ್ ಮೂರು ಇಳಿದರೂ ನಲವತ್ತು ಪಾಯಿಂಟ್ ಒಂದು ಉಳಿಯಿತಲ್ಲ! ಗಡಿಯ ಈಚೆಗೇ ಇದ್ದೇವೆ. ಟಾರ್ಮಡ್ ಚಿಕ್ಕಂದಿನಿಂದಲೂ ಪುಕ್ಕಲು. ಜಾರುಬಂಡೆ ಹತ್ತಿ ಮೆಟ್ಟಿಲಿಂದ ಇಳಿದು ಬರುತ್ತಿದ್ದವನು.

ದುಡ್ಡು ಡಬಲ್ ಆಗಲಿ, ನಿನಗೆ ಅರಮನೆಯನ್ನೇ ಕೊಡಿಸುತ್ತೇನೆ. ಅಲ್ಲಿವರೆಗೆ ಪೆಗಿಯ ಜೊತೆ ಖುಷಿಯಾಗಿರು. ಅವಳು ಒಳ್ಳೆಯವಳು, ನಾನು ಮೊದಲಿನಿಂದ ಹೇಳುತ್ತಿದ್ದೆ. ಈ ವಯಸ್ಸಿನಲ್ಲಿ ಒಂಟಿಯಾಗಿರುವುದಕ್ಕಿಂತ ಅದೇ ವಾಸಿ.

ಕಾಯೋಣ.

ಲಾಕಿ


ಹಳ್ಳದ ಮನೆ, ಪೋರ್ಟ್ ಕ್ರಾನಿಗ್
13 ಮಾರ್ಚ್ 2024

ಲಾಕಿ,

ಕಾದೆವು. ಚೆನ್ನಾಗಿಯೇ ಕಾದೆವು. ಕಳೆದ ಜೂನಿನಲ್ಲಿ ಬಿಸಿಲೂ ಚೆನ್ನಾಗಿಯೇ ಕಾದಿತ್ತು.

ನಿನ್ನೆ ಅಪ್ಪನ ಪೀಪಾಯಿಗೆ ಐವತ್ತು ತುಂಬಿತು. ನಾನು ಒಳ್ಳೆಯ ಕೋಟು ಹಾಕಿಕೊಂಡು ಹೋಗಿದ್ದೆ. ದಲ್ಲಾಳಿ ಹುಡುಗಿ ಕ್ಯಾಮೆರಾದವನನ್ನೂ ಕರೆತಂದಿದ್ದಳು. ಟಾರ್ಮಡ್ ಅಳೆದ. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದ. ಮೂರನೇ ಸಲ ಅಳೆದು, ತಲೆಯ ಮೇಲಿನ ಟೋಪಿ ತೆಗೆದ. ಹೆಣದ ಮುಂದೆ ತೆಗೆಯುವ ಹಾಗೆ.

"ಮೂವತ್ತೊಂಬತ್ತು ಪಾಯಿಂಟ್ ಒಂಬತ್ತು."

ಕ್ಯಾಮೆರಾದವನು ಇನ್ನೂ, "ನಗಿ, ನಗಿ," ಅನ್ನುತ್ತಿದ್ದ.

"ಒಂದು ಚಮಚ ಹೊಸ ಸರಕು ಸೇರಿಸಿದರೆ ಕಸುವು ಏರಲ್ವಾ?" ಅಂತ ಕೇಳಿದೆ. ಟಾರ್ಮಡ್ ನನ್ನನ್ನು ಮಗು ಕೊಲ್ಲುವವಳನ್ನು ನೋಡಿದ ಹಾಗೆ ನೋಡಿದ. "ಒಳಗಿರೋದ್ರಲ್ಲಿ ಎಲ್ಲಕ್ಕಿಂತ ಹೊಸದಕ್ಕೆ ಎಷ್ಟು ವಯಸ್ಸೋ, ಕಾನೂನಿನ ಪ್ರಕಾರ ಇಡೀ ಪೀಪಾಯಿಗೂ ಅಷ್ಟೇ. ಒಂದು ಚಮಚ ಹಾಕಿದ ದಿನ ನಿಮ್ಮಪ್ಪಂದು ತೊಟ್ಟಿಲಲ್ಲಿ ಮಲಗುತ್ತೆ," ಅಂದ.

ಹುಡುಗಿ ಹೊರಗೆ ಹೋಗಿ ಸುಂಬ್ರುನ್ನನಿಗೆ ಫೋನ್ ಮಾಡಿ ಬಂದಳು. ಅವನಿಗೆ ಬೇಡವಂತೆ. ಬೇರೆ ಯಾರಾದರೂ ಸುವಾಸನೆಗೆ ಅಂತ ಮೂರು ಸಾವಿರಕ್ಕೆ ಕೊಳ್ಳಬಹುದಂತೆ. ಸೋಮವಾರ ಆರು ಲಕ್ಷದ ಮಾತಾಡಿದ ಬಾಯಿಯೇ ಮಂಗಳವಾರ ಮೂರು ಸಾವಿರ ಅಂದಿತು. ಪಾಯಿಂಟ್ ಒಂದಕ್ಕೆ ಲಾಕಿ! ಟಾರ್ಮಡ್ ಗಡ್ಡದಲ್ಲಿ ಅದಕ್ಕಿಂತ ಹೆಚ್ಚು ಅಂಟಿಕೊಂಡಿರುತ್ತದೆ.

ಮನೆಗೆ ನಡೆದೇ ಬಂದೆ. ಬೇರೆ ವಿಶೇಷವಿಲ್ಲ.

ಅಕ್ಕ


ಇನ್ವರ್‌ಕಾರ್ಗಿಲ್
2 ಏಪ್ರಿಲ್ 2024

ಅಕ್ಕಾ,

ನಿನ್ನ ಪತ್ರ ಓದಿ ಎರಡು ದಿನ ಮಾತು ಹೊರಡಲಿಲ್ಲ. ಮೂರನೇ ದಿನ ಹೊರಟ ಮಾತನ್ನು ಕಾಗದದ ಮೇಲೆ ಬರೆಯುವಂತಿಲ್ಲ. ಐವತ್ತು ವರ್ಷ ವಿಸ್ಕಿಯಾಗಿದ್ದದ್ದು ಹುಟ್ಟುಹಬ್ಬದ ದಿನ ವಿಸ್ಕಿಯಲ್ಲವಂತೆ! ನಿವೃತ್ತಿಯ ದಿನ ಕರೆದು "ನೀನು ಕುರಿ ಕತ್ತರಿಸುವವನೇ ಅಲ್ಲ" ಅಂದ ಹಾಗೆ. ರಾವಿರಿ ಈಗ ನನ್ನ ಕಂಡರೆ ರಸ್ತೆ ದಾಟುತ್ತಾನೆ.

ಹೋಗಲಿ ಬಿಡು. ಬಂದಿದ್ದೂ ಪುಕ್ಕಟೆ, ಹೋಗಿದ್ದೂ ಪುಕ್ಕಟೆ. ನಮಗೇನು ಹೊಟ್ಟೆಗಿಲ್ಲವಾ, ತಲೆಯ ಮೇಲೆ ಸೂರಿಲ್ಲವಾ?

ಲಾಕಿ


ಕೊಠಡಿ 6, ಹಿರಿಯರ ವಸತಿ, ಬೊಮೋರ್, ಐಲಾ ದ್ವೀಪ
3 ಜೂನ್ 2024

ಲಾಕಿ,

ತಡವಾಯಿತು, ಸಾಮಾನು ಕಟ್ಟುವುದರಲ್ಲಿದ್ದೆ. ಇಲ್ಲಿ ಕೊಠಡಿ ಬೆಚ್ಚಗಿದೆ. ಕಿಟಕಿಯೂ ಇದೆ; ಆಚೆ ಒಂದು ಗೋಡೆ, ಒಳ್ಳೆಯ ಗೋಡೆ. ಒಲೆಗೆ ಪೀಟ್ ಮಣ್ಣಿನ ಹೆಂಟೆ ಹಾಕಿ ಉರಿಸುವ ಹಾಗಿಲ್ಲ, ಹೊಗೆ ಬಂದರೆ ಗಂಟೆ ಹೊಡೆದುಕೊಳ್ಳುತ್ತದೆ. ಏಳಕ್ಕೆ ದೀಪ ಆರಿಸುತ್ತಾರೆ. ನನಗೆ ಎಪ್ಪತ್ತೆರಡು ಅಂತ ಇಲ್ಲಿಗೆ ಬಂದ ಮೇಲೆ ನಂಬಿಕೆ ಬಂತು.

ಹಳ್ಳದ ಮನೆ ಕೊಂಡದ್ದು ಯಾರು ಹೇಳು ನೋಡೋಣ. ನೂರು ಸಲ ಹೇಳಿದರೂ ಸೋಲುತ್ತೀ. ಸುಂಬ್ರುನ್! ಪೀಪಾಯಿಗೆಂದು ತೆಗೆದಿಟ್ಟಿದ್ದ ದುಡ್ಡು ಉಳಿಯಿತಲ್ಲ, ಕಿಟಕಿಯ ನೋಟ ಮನಸ್ಸಿನಲ್ಲಿ ಕೂತಿತ್ತಂತೆ. ನಾನೇ ಕರೆದು ಕೂರಿಸಿ ಬಿಸ್ಕತ್ತು ಕೊಟ್ಟು ತೋರಿಸಿದ ನೋಟ. ಸುದ್ದಿ ಕೇಳಿ ಕೈಯಲ್ಲಿದ್ದ ಪಿಂಗಾಣಿ ತಟ್ಟೆ ಬಿಟ್ಟೆ. ಅದೊಂದನ್ನು ಕಾಗದದಲ್ಲಿ ಸುತ್ತುವ ಕೆಲಸ ಉಳಿಯಿತು.

"ಯಾವಾಗ ಬಂದು ಇರ್ತೀರಿ?" ಅಂತ ಕೇಳಿದೆ.

"ಇರೋದಾ? ಇಲ್ಲ. ನನಗೆ ಇಂಥ ಮನೆ ಏಳಿವೆ," ಅಂದ.

"ಮತ್ತೆ?"

"ಇಟ್ಕೊಳ್ತೀನಿ."

ಮುಚ್ಚಳ ತೆಗೆಯದ ಬಾಟಲಿಗಳ ಸಾಲಿಗೆ ನನ್ನ ಮನೆಯೂ ಸೇರಿತು. ಗೋಡೆ ತೇವ ಹಿಡಿಯದಿರಲಿ ಅಂತ ಪ್ರತಿ ಮಂಗಳವಾರ ಹೋಗಿ ಒಲೆ ಹಚ್ಚುವ ಕೆಲಸ ನನಗೇ ಕೊಟ್ಟಿದ್ದಾನೆ. ಬೀಗದ ಕೈಯೂ ಕೊಟ್ಟ. ನನ್ನದೇ ಬೀಗದ ಕೈ, ಹೊಸ ದಾರ ಕಟ್ಟಿದ್ದಾನೆ.

ನೀನು ಆರೋಗ್ಯವೇ?

ಅಕ್ಕ


ಇನ್ವರ್‌ಕಾರ್ಗಿಲ್
21 ಜೂನ್ 2024

ಅಕ್ಕಾ,

ಲಕೋಟೆ ಮೇಲಿನ ವಿಳಾಸ ನೋಡಿದವನು ಒಳಗಿನದನ್ನು ಒಂದು ಗಂಟೆ ತೆರೆಯಲಿಲ್ಲ.

ಪೆಗಿ ಗೋಗರೆದಳು ಅಂದೆಯಲ್ಲ! ಮಾತು ಬಿಟ್ಟು ಆರು ವರ್ಷವಾದವಳು ಹೇಗೆ ಗೋಗರೆಯುತ್ತಾಳೆ ಅಂತ ನನಗೆ ಹೊಳೆಯಲೇ ಇಲ್ಲ. ಮೂರು ಲಕ್ಷ ಇಪ್ಪತ್ತರಲ್ಲಿ ಅರ್ಧ ಎಷ್ಟು ಅಂತ ಇವತ್ತು ಬೆರಳು ಮಡಿಸಿ ಲೆಕ್ಕ ಹಾಕಿದೆ. ನನಗೆ ಕುರಿ ಎಣಿಸಿ ಮಾತ್ರ ಅಭ್ಯಾಸ. ಎಣಿಸುತ್ತಾ ನಿದ್ದೆ ಹೋಗಿಬಿಟ್ಟಿದ್ದೆ.

"ಲಾಕಿ, ನನ್ನ ಮನೆ ಹೋಗುತ್ತಿದೆ, ರುಜು ಹಾಕೋ ಕತ್ತೆ" ಅಂತ ಒಂದು ಸಾಲು ಬರೆಯಲು ನಿನಗೇನಾಗಿತ್ತು? ನಾಲ್ಕು ಪುಟ ತಮಾಷೆ ಬರೆಯುತ್ತೀ, ಅಷ್ಟು ಬರೆಯಲು ಕೈ ಬರಲಿಲ್ಲವಾ? ನಾನು ಕೋಪದಲ್ಲಿದ್ದೇನೆ. ನಿನ್ನ ಮೇಲೋ ನನ್ನ ಮೇಲೋ ಇನ್ನೂ ತೀರ್ಮಾನವಾಗಿಲ್ಲ.

ಪೀಪಾಯಿಯಲ್ಲಿ ನನ್ನ ಪಾಲು ನಿನಗೇ ಅಂತ ವಕೀಲರ ಮುಂದೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಮೂರು ಸಾವಿರವೋ, ಮರ ನೆನೆಸಿದ ನೀರೋ, ಪೂರ್ತಿ ನಿನ್ನದು. ಇಲ್ಲಿಗೇ ಬಂದುಬಿಡು ಅಕ್ಕಾ. ನನ್ನ ಮನೆಯ ಕಿಟಕಿಯಾಚೆ ಕುರಿ ಕಾಣುತ್ತವೆ, ಗೋಡೆಗಿಂತ ವಾಸಿ.

ಲಾಕಿ


ಕೊಠಡಿ 6, ಬೊಮೋರ್
30 ಜುಲೈ 2024

ಲಾಕಿ ಮರಿ,

ಕುರಿಗಳಿಗೆ ನನ್ನ ಕೃತಜ್ಞತೆ ಹೇಳು, ನಾನು ಬರುವುದಿಲ್ಲ. ಬರೆಯಲು ನಿನಗೇನಾಗಿತ್ತು ಅಂತ ಕೇಳಿದೆಯಲ್ಲ. ನೀನು ಕೇಳಲಿ ಅಂತಿದ್ದೆ ಕಣೋ, ಅಷ್ಟೇ.

ಈಗ ಮತ್ತೆ ಕೂತುಕೋ. ಹೋದ ವಾರ ದಲ್ಲಾಳಿ ಹುಡುಗಿ ಏದುಸಿರು ಬಿಡುತ್ತಾ ಕೊಠಡಿಗೆ ಬಂದಳು. ಸುಂಬ್ರುನ್ನನಿಗೆ ಪೀಪಾಯಿ ಬೇಕಂತೆ! ಐವತ್ತು ವರ್ಷದ ವಿಸ್ಕಿ ಜಗತ್ತಿನಲ್ಲಿ ಎಷ್ಟೋ ಇವೆಯಂತೆ. ಐವತ್ತು ತುಂಬಿದ ದಿನವೇ ಪಾಯಿಂಟ್ ಒಂದರಲ್ಲಿ ವಿಸ್ಕಿಯಾಗದೆ ಹೋದದ್ದು ಇದೊಂದೇ ಅಂತೆ.

"ನಾಲ್ಕೂವರೆ ಲಕ್ಷ ಕೊಡ್ತಾರೆ ಅಮ್ಮಾ."

"ವಿಸ್ಕಿ ಅಲ್ಲದ್ದಕ್ಕಾ?"

"ಅಲ್ಲ ಅನ್ನೋದಕ್ಕೇ ಅಷ್ಟು."

ಇರುವಾಗ ಮೂರು, ಸತ್ತ ಮೇಲೆ ನಾಲ್ಕೂವರೆ. ಆದರೆ ಈ ಸಲ ಸಕ್ಕರೆ ಬಟ್ಟಲಿಗೆ ಚಹಾ ಹುಯ್ಯಲಿಲ್ಲ.

"ದುಡ್ಡು ಆಮೇಲೆ. ಮೊದಲು ನನ್ನ ಮನೆ," ಅಂದೆ. ಅವಳು ಫೋನ್ ಮಾಡಿದಳು. ಆತ ಮನೆ ಕೊಡುವುದಿಲ್ಲವಂತೆ, ಇಟ್ಟುಕೊಂಡದ್ದನ್ನು ಬಿಡುವ ಅಭ್ಯಾಸವಿಲ್ಲವಂತೆ. ನಾನು ಮುದುಕಿ, ಅವನು ಐವತ್ತರ ಗಂಡಸು. ಕಾದರೆ ಗೆಲ್ಲುವವನು ಅವನೇ. ಕಾಯುವ ಆಟ ನಮಗೆ ಆಗಿಬರುವುದಿಲ್ಲ, ನಿನಗೇ ಗೊತ್ತು.

ಆದ್ದರಿಂದ ಇವತ್ತು ಬೆಳಿಗ್ಗೆ ಟಾರ್ಮಡ್ ಹತ್ತಿರ ಹೋಗಿ, ತೆರಿಗೆ ಕಟ್ಟಿ, ಪೀಪಾಯಿಯಿಂದ ಒಂದು ಬಾಟಲಿ ಇಳಿಸಿಕೊಂಡೆ. ಒಡತಿಗೆ ಅಷ್ಟು ಹಕ್ಕಿದೆ. ಮಂಗಳವಾರ ಅಲ್ಲವೇ, ಹಳ್ಳದ ಮನೆಯ ಒಲೆ ಹಚ್ಚಿ, ಪೆಗಿಯ ಬಾಗಿಲು ತಟ್ಟಿದೆ.

"ಏನು?" ಅಂದಳು. ಆರು, ಅಲ್ಲ, ಏಳು ವರ್ಷದ ನಂತರದ ಮೊದಲ ಮಾತು.

"ಮೂರೂವರೆ ಸಾವಿರ ಪೌಂಡಿನ ಬಾಟಲಿ ಒಡೀತಿದ್ದೀನಿ. ಬರ್ತೀಯಾ?"

"ನನ್ನ ಜಾಮ್ ಗಟ್ಟಿ ಇತ್ತು ಅನ್ನು."

"ಕಲ್ಲಿನ ಹಾಗಿತ್ತು."

ಚಪ್ಪಲಿಯಲ್ಲೇ ಬಂದಳು. ಟಾರ್ಮಡ್ ಬಂದ. ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿ ಫಾರ್ಕರ್ ಕೂಡ ಹೊಗೆ ನೋಡಿ ಇಣುಕಿದರು. ವಿಸ್ಕಿ ಮುಟ್ಟುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟವರು. "ಇದು ವಿಸ್ಕಿ ಅಲ್ಲ ಪಾದ್ರಿಗಳೇ, ಸರ್ಕಾರವೇ ಹೇಳಿದೆ," ಅಂತ ಟಾರ್ಮಡ್ ಆಣೆ ಹಾಕಿದ. ಅವರು ಬಹಳ ಯೋಚಿಸಿ ಕುರ್ಚಿ ಎಳೆದುಕೊಂಡರು.

ಲಾಕಿ, ಹೇಗೆ ಹೇಳಲಿ! ಅದು ಹಳೇ ಚರ್ಚಿನ ಬೆಂಚು ನೆಕ್ಕಿದ ಹಾಗಿದೆ. ಪೆಗಿ ಒಂದು ಪೆಗ್ಗಿಗೆ ಮೂರು ಚಮಚ ಸಕ್ಕರೆ ಹಾಕಿಕೊಂಡಳು. ಆದರೂ ಬಾಟಲಿ ಮುಗಿಸಿದೆವು. ಖಾಲಿ ಬಾಟಲಿಯ ಚಿತ್ರ ತೆಗೆದು ದಲ್ಲಾಳಿ ಹುಡುಗಿಗೆ ಕಳಿಸಿದೆ. ಕೆಳಗೆ ಬರೆದೆ: "ಮುಂದಿನ ಮಂಗಳವಾರ ಇನ್ನೊಂದು."

ಅಕ್ಕ


ಇನ್ವರ್‌ಕಾರ್ಗಿಲ್
16 ಆಗಸ್ಟ್ 2024

ಅಕ್ಕಾ!!

ನಿಲ್ಲಿಸು! ವಾರಕ್ಕೆ ಮೂರೂವರೆ ಸಾವಿರ! ಅದೂ ಪೆಗಿಗೆ! ಸಕ್ಕರೆ ಹಾಕಿ!

ಮಾರಿಬಿಡು. ನಾಲ್ಕೂವರೆ ಲಕ್ಷಕ್ಕೆ ಆ ದ್ವೀಪದಲ್ಲಿ ಎರಡು ಮನೆ ಸಿಗುತ್ತವೆ.

ಇಷ್ಟು ಬರೆದು ಹೊರಗೆ ಹೋಗಿ ಕುರಿಗಳನ್ನು ನೋಡಿಕೊಂಡು ಬಂದೆ. ಎರಡು ಮನೆ ಸಿಗಬಹುದು, ಆದರೆ ನೀನು ಕೇಳುತ್ತಿರುವುದು ಒಂದು. ಪಾಲು ನಿನ್ನದು ಅಂತ ಬರೆದುಕೊಟ್ಟ ಮೇಲೆ ಕೂಗುವ ಹಕ್ಕು ನನಗಿಲ್ಲ. ಕುಡಿ ಅಕ್ಕಾ. ನಿಮ್ಮೆಲ್ಲರ ಹೊಟ್ಟೆ ತಡೆಯಲಿ ಅಂತ ಪ್ರಾರ್ಥಿಸುತ್ತೇನೆ.

ಲಾಕಿ


24 ಸೆಪ್ಟೆಂಬರ್ 2024

ಲಾಕಿ,

ವಿಳಾಸ ಬೇಕೆಂತಲೇ ಬರೆದಿಲ್ಲ. ಮೊದಲು ಕಥೆ ಕೇಳು.

ಎರಡನೇ ಬಾಟಲಿಗೆ ಸುಂಬ್ರುನ್ನನ ವಕೀಲನ ಪತ್ರ ಬಂತು. ಮೂರನೆಯದಕ್ಕೆ ಬೆಲೆ ಏರಿಸಿದ. ನಾಲ್ಕನೆಯದಕ್ಕೆ ಇನ್ನೂ ಏರಿಸಿದ. ಕುಡಿದಷ್ಟೂ ಉಳಿದದ್ದು ಅಪರೂಪವಾಗುತ್ತದಂತೆ. ನಾವು ಬೆಂಚು ನೆಕ್ಕಿ ನೆಕ್ಕಿ ಅವನ ಖರ್ಚು ಏರಿಸುತ್ತಿದ್ದೆವು. ಐದನೆಯ ಮಂಗಳವಾರ ಆತನೇ ಬಂದ. ಬಾಗಿಲು ತೆರೆದವನು ಅಲ್ಲೇ ನಿಂತ. ಒಲೆ ಉರಿಯುತ್ತಿದೆ, ಮೇಜಿನ ಮೇಲೆ ಬಾಟಲಿ, ಸುತ್ತ ನಾವು ನಾಲ್ವರು. ಅವನ ಮುಖ ಸುಣ್ಣ ಬಳಿದ ಗೋಡೆ.

"ಇದು... ನೀವು ಇದನ್ನ... ನಿಜವಾಗಿ ಕುಡೀತಿದ್ದೀರಾ?"

"ಮತ್ತೇನು ಮಾಡೋದು ಸ್ವಾಮಿ? ಇಟ್ಕೊಳ್ಳೋಕೆ ನನಗೆ ಮನೆ ಇಲ್ಲ," ಅಂದೆ.

ಬಂದು ಕೂತ. ಪೆಗಿ ಅವನಿಗೆ ಹಾಲು ಹಾಕಿ ಚಹಾ ಕೊಟ್ಟಳು. ಆತ ಲೋಟವನ್ನು ಮುಟ್ಟದೆ ಬಾಟಲಿಯನ್ನೇ ನೋಡುತ್ತಾ, ಚಿಕ್ಕ ಹುಡುಗನ ಹಾಗೆ ಕೇಳಿದ: "ಹೇಗಿದೆ?"

ನಿಜ ಹೇಳಿದರೆ ಮನೆ ಹೋಯಿತು. ಸುಳ್ಳು ಹೇಳೋಣವೆಂದರೆ ನನ್ನ ಮಾತು ನಂಬುವನೇ? ಟಾರ್ಮಡ್ ಕೆಮ್ಮಿದ. ಪೆಗಿ ಸಕ್ಕರೆ ಬಟ್ಟಲನ್ನು ಮಡಿಲಲ್ಲಿ ಬಚ್ಚಿಟ್ಟಳು. ಆತ ನಮ್ಮೆಲ್ಲರನ್ನೂ ದಾಟಿ ಪಾದ್ರಿಗಳ ಕಡೆ ತಿರುಗಿದ. "ನೀವು ಹೇಳಿ. ನೀವು ಸುಳ್ಳು ಹೇಳೋದಿಲ್ಲ."

ಪಾದ್ರಿ ಫಾರ್ಕರ್ ಲೋಟ ಕೆಳಗಿಟ್ಟರು. ಕಣ್ಣು ಮುಚ್ಚಿದರು. ಕೋಣೆಯಲ್ಲಿ ಪೀಟ್ ಚಟಪಟ ಅನ್ನುವುದು ನನ್ನ ಕಿವಿಗೂ ಕೇಳಿತು.

"ಇಂಥದ್ದನ್ನ ನಾನು ಜೀವಮಾನದಲ್ಲೇ ಕುಡಿದಿಲ್ಲ," ಅಂದರು.

ಸುಂಬ್ರುನ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಆ ಬಾಟಲಿಯಲ್ಲಿ ಉಳಿದಿದ್ದಕ್ಕೆ ತನ್ನ ಕೈಯಾರೆ ಬಿರಡೆ ಹಾಕಿದ. ಮಾರನೆಯ ಬೆಳಿಗ್ಗೆ ವಕೀಲರಿಗೆ ಹೇಳಿದ: ಪೀಪಾಯಿ ಅವನಿಗೆ, ಮನೆ ನನಗೆ, ಬೆಲೆಯಲ್ಲಿ ಮಿಕ್ಕಿದ್ದು ಬ್ಯಾಂಕಿಗೆ. ಮಿಕ್ಕಿದ್ದು ನಿನ್ನ ಪಾಲು, ಬರುತ್ತದೆ. ನೀನು ಬರೆದುಕೊಟ್ಟ ಆ ಕಾಗದವನ್ನು ಮಾರಾಟ ಮುಗಿದ ಮೇಲೆ ಒಲೆಗೆ ಹಾಕಿದೆ, ಸುಮ್ಮನೆ ಗಲಾಟೆ ಮಾಡಬೇಡ.

ಇವತ್ತು ಕಾಗದಪತ್ರ ಆಯಿತು. ಟಾರ್ಮಡ್ ತಳ್ಳುಗಾಡಿಯಲ್ಲಿ ನನ್ನ ಕುರ್ಚಿ ತಂದು ಕಿಟಕಿಯ ಹತ್ತಿರ ಹಾಕಿಕೊಟ್ಟ, ಅಲ್ಲೇ ಕೂತು ಬರೆಯುತ್ತಿದ್ದೇನೆ. ಪಾದ್ರಿಗಳು ಬಂದು, "ನಾನು ಹೇಳಿದ್ದು ಸುಳ್ಳಾಯ್ತಾ ಡೊಲೀನಾ?" ಅಂತ ಕೇಳಿದರು. ಪ್ರತಿ ಅಕ್ಷರವೂ ಸತ್ಯ ಅಂದೆ. ಆದರೂ ಅವರ ಮುಖ ಸಣ್ಣಗಾಗಿತ್ತು, ಎರಡು ಹೋಳು ಕೇಕ್ ಬೇಕಾಯಿತು.

ಪೀಪಾಯಿ ನಾಳೆಯ ಹಡಗಿಗೆ ಹೊರಡುತ್ತದೆ. ಅಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ. ಆದ್ದರಿಂದ ಈ ಭೂಮಿಯ ಮೇಲೆ ಅದರ ರುಚಿ ಗೊತ್ತಿರುವವರು ನಾವು ನಾಲ್ವರು, ಕೇಳಿ ಗೊತ್ತಿರುವವನು ನೀನೊಬ್ಬ. ಕುರಿಗಳ ಮುಂದೆ ಬೇಕಾದರೆ ಹೇಳಿಕೋ. ರಾವಿರಿಯ ಮುಂದೆ ಬಾಯಿ ಬಿಟ್ಟೆಯೋ, ಜೋಕೆ.

ಅಕ್ಕ,
ಡೊಲೀನಾ
ಹಳ್ಳದ ಮನೆ, ಪೋರ್ಟ್ ಕ್ರಾನಿಗ್